9 ತಿಂಗಳ ಮಗುವಿಗೆ ಫ್ಲೂ ಔಷಧಿ: ಕೊಟ್ಟವರು ಅನುಭವ ಹೇಳಿ

ಪ್ರಶ್ನೆ: ಮಗಳಿಗೆ 9 ತಿಂಗಳು. ನಿನ್ನೆ ರಾತ್ರಿಯಿಂದ ಜ್ವರ, ಕೆಮ್ಮು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಅಂತ ಬಂತು. ಡಾಕ್ಟರ್ ಒಸೆಲ್ಟಾಮಿವಿರ್ ಸಿರಪ್ ಬರೆದಿದ್ದಾರೆ. ಇಷ್ಟು ಚಿಕ್ಕ ಮಗುವಿಗೆ ಕೊಡಬಹುದಾ? ಎರಡು ದಿನ ನೋಡೋಣ ಅಂತಾರೆ ಮನೆಯಲ್ಲಿ.

ಉತ್ತರ 1: ದಯವಿಟ್ಟು ಕಾಯಬೇಡಿ. ನಾವು ಕಾದು ಕೆಟ್ಟೆವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಗನಿಗೆ ಆಗ 11 ತಿಂಗಳು. ಸಿರಪ್ ತಂದಿಟ್ಟು, ಭಯಪಟ್ಟು, ಮೂರನೇ ದಿನದವರೆಗೂ ಮುಚ್ಚಳ ತೆಗೆಯಲಿಲ್ಲ. ಅಷ್ಟರಲ್ಲಿ ಅವನು ಹಾಲು ಕುಡಿಯುವುದನ್ನೇ ಬಿಟ್ಟಿದ್ದ. ಒಂದು ಜೀವಕೋಶದಲ್ಲಿ ಹುಟ್ಟಿದ ವೈರಸ್ ಬಿಡಿಸಿಕೊಂಡು ಮುಂದಿನದಕ್ಕೆ ಹೋಗದಂತೆ ತಡೆಯುವುದು ಈ ಔಷಧಿಯ ಕೆಲಸ. ಆಗಲೇ ಹಬ್ಬಿಬಿಟ್ಟಿದ್ದರೆ ಉಪಯೋಗ ಕಮ್ಮಿ. ಅದಕ್ಕೇ ಮೊದಲ 48 ಗಂಟೆಯೊಳಗೆ ಶುರು ಮಾಡಿ ಅನ್ನುವುದು. ಎರಡು ವರ್ಷದೊಳಗಿನ ಮಕ್ಕಳಿಗೆ ಫ್ಲೂ ಜೋರಾಗುವ ಅಪಾಯ ಜಾಸ್ತಿ, ಅವರಿಗಂತೂ ತಡ ಮಾಡಬಾರದು. ಹದಿನಾಲ್ಕು ದಿನದ ಕೂಸಿಗೂ ಕೊಡಬಹುದು ಅಂತ ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕಿದೆ.

ದಿನಕ್ಕೆ ಎರಡು ಸಲ, 5 ದಿನ. ಅಳತೆ ಮಗುವಿನ ತೂಕದ ಮೇಲೆ, ಹಾಗಾಗಿ ಇವತ್ತಿನ ತೂಕ ಡಾಕ್ಟರಿಗೆ ಹೇಳಿ. ಎಷ್ಟು ಎಂ.ಎಲ್. ಅಂತ ಬರೆಸಿಕೊಳ್ಳಿ. ಚಮಚ ಬೇಡ, ಸಿರಿಂಜಿನಲ್ಲೇ ಅಳೆಯಿರಿ. ಬಾಟಲಿ ಚೆನ್ನಾಗಿ ಅಲುಗಾಡಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಿ. ವಾಂತಿ ಆಗುವುದುಂಟು. ನಮ್ಮ ಮೊದಲ ಡೋಸ್ ಪೂರ್ತಿ ನನ್ನ ಹೆಗಲ ಮೇಲೇ ಬಂತು. ಹಾಲು ಕುಡಿಸಿದ ಮೇಲೆ ಕೊಟ್ಟಾಗ ನಿಂತಿತು. ಹೊರಗೆ ಬಂದರೆ ನೀವೇ ಇನ್ನೊಂದು ಡೋಸ್ ಹಾಕಬೇಡಿ, ಫೋನ್ ಮಾಡಿ ಕೇಳಿ. ಒಂದೇ ಡೋಸಿಗೆ ಜ್ವರ ಇಳಿಯುತ್ತೆ ಅಂದುಕೊಳ್ಳಬೇಡಿ. ಕಾಯಿಲೆ ಸುಮಾರು ಒಂದು ದಿನ ಬೇಗ ಮುಗಿಯುತ್ತದೆ. ಪುಟ್ಟ ಮಗುವಿಗೆ ಆ ಒಂದು ದಿನವೂ ದೊಡ್ಡದೇ ಅಲ್ವಾ?

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ಇದು ಫ್ಲೂಗೆ ಮಾತ್ರ. ನನ್ನ ಚಿಕ್ಕವಳಿಗೆ 4 ತಿಂಗಳಲ್ಲಿ ಆರ್‌ಎಸ್‌ವಿ (ಉಸಿರಾಟದ ದಾರಿಗೆ ತಗಲುವ ಬೇರೊಂದು ವೈರಸ್) ಬಂದಾಗ ನಾನೂ ಇದೇ ಸಿರಪ್ ಕೇಳಿದ್ದೆ. ಅದಕ್ಕೆ ಇದು ಕೆಲಸ ಮಾಡುವುದಿಲ್ಲ, ಆ್ಯಂಟಿಬಯಾಟಿಕ್ಕೂ ಅಷ್ಟೇ ಅಂದರು. ಮೂಗಿಗೆ ಸಲೈನ್ ಹನಿ, ಸಿಂಬಳ ತೆಗೆಯುವುದು, ಸ್ವಲ್ಪ ಸ್ವಲ್ಪವೇ ಹಾಲು, ಎರಡು ರಾತ್ರಿ ಆಸ್ಪತ್ರೆಯಲ್ಲಿ ಆಕ್ಸಿಜನ್. ಚಿಕಿತ್ಸೆ ಅಂದರೆ ಇಷ್ಟೇ. ಮೂರರಿಂದ ಐದನೇ ದಿನ ತುಂಬಾ ಕಷ್ಟ ಆಯಿತು. ಆರ್‌ಎಸ್‌ವಿಗೆ ನಿರ್ಸೆವಿಮ್ಯಾಬ್ ಅನ್ನುವ ಇಂಜೆಕ್ಷನ್ ಇದೆ, ಆದರೆ ಅದು ಕಾಯಿಲೆ ಬರುವ ಮುಂಚೆ ಕೊಡುವಂಥದ್ದು.

ಉತ್ತರ 3: ಔಷಧಿ ಕೊಟ್ಟಾಯಿತು ಅಂತ ಸುಮ್ನೆ ಕೂರಬೇಡಿ. ಮಗು ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಈ ವಯಸ್ಸಿಗೆ 50 ಮುಟ್ಟಿದರೆ ಜೋರು ಉಸಿರು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಡೈಪರ್ ಹೊತ್ತಾದರೂ ಒಣಗಿಯೇ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ಫ್ಲೂ ಇದ್ದಾಗ ಅದರಿಂದ ಮಕ್ಕಳ ಮೆದುಳು, ಲಿವರ್‌ಗೆ ಅಪಾಯ ಆಗಬಹುದು.

ಪ್ರಶ್ನೆ ಕೇಳಿದವರು: ಮೊದಲ ಡೋಸ್ ಈಗಷ್ಟೇ ಕೊಟ್ಟೆ. ಇನ್ನೂ ವಾಂತಿ ಆಗಿಲ್ಲ. ಮಲಗಿದ್ದಾಳೆ, ಉಸಿರು ಎಣಿಸಿದೆ, 38 ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಎಣಿಸುತ್ತೇನೆ.