ಅಪ್‌ಡೇಟ್: ಮಕ್ಕಳ ಜೊತೆ ಪ್ಯಾರಿಸ್‌ಗೆ ಹೋಗಿ ಬಂದೆವು

ಎಂಟು ತಿಂಗಳ ಮಗ, ಐದು ವರ್ಷದ ಮಗಳು, ಪ್ಯಾರಿಸ್‌ನಲ್ಲಿ ಐದು ದಿನ. ಹೋಗುವ ಮೊದಲು ಇಲ್ಲೇ, ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಬೇಕಾ ಬೇಡವಾ ಅಂತ ಕೇಳಿದ್ದೆ, ನೆನಪಿದೆಯಾ? "ಬೇಡ, ಮಗುವನ್ನು ಎದೆಗೆ ಕಟ್ಟಿಕೊಳ್ಳಿ" ಅಂದವರೇ ಜಾಸ್ತಿ. ನಾನು ಮಾತು ಕೇಳದೆ ಎರಡನ್ನೂ ಒಯ್ದೆ.

ಮೊದಲ ದಿನವೇ ಬುದ್ಧಿ ಬಂತು. ಅಲ್ಲಿ ಮೆಟ್ರೋ ಶುರುವಾಗಿದ್ದು 1900ರಲ್ಲಿ. ಹೆಚ್ಚಿನ ಹಳೇ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಬರೀ ಮೆಟ್ಟಿಲು. ನಮ್ಮವರು ಸ್ಟ್ರಾಲರಿನ ಮುಂಭಾಗ ಹಿಡಿದರೆ, ಯಾರೋ ಗುರುತಿಲ್ಲದವರು ಕೇಳದೆಯೇ ಹಿಂದಿನ ಚಕ್ರ ಎತ್ತುತ್ತಿದ್ದರು. (ಅಲ್ಲಿನವರು ಸಿಡುಕರು ಅಂದವರು ಯಾರು?) 14ನೇ ಮಾರ್ಗದಲ್ಲಿ ಮಾತ್ರ ಎಲ್ಲ ನಿಲ್ದಾಣದಲ್ಲೂ ಲಿಫ್ಟ್. ಮಾರನೇ ದಿನದಿಂದ ಬಸ್ಸೇ ಹಿಡಿದೆವು. ಸ್ಟ್ರಾಲರ್ ನಿಲ್ಲಿಸಲು ಜಾಗ ಇದೆ, ಕಿಟಕಿಯಲ್ಲಿ ಊರೂ ಕಾಣುತ್ತದೆ.

ಲೂವ್ರ್ ಮ್ಯೂಸಿಯಂನಲ್ಲಿ 18ರ ಒಳಗಿನವರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಮೋನಾಲಿಸಾ ಮುಂದೆ ಮಗಳಿಗೆ ಕಂಡಿದ್ದು ಜನರ ಬೆನ್ನು ಮಾತ್ರ. ಅವಳಿಗೆ ಪ್ಯಾರಿಸ್ ಅಂದರೆ ಲಕ್ಸೆಂಬರ್ಗ್ ತೋಟದ ಕೊಳ. ಅಲ್ಲಿ ಆಟದ ಹಾಯಿದೋಣಿ ಬಾಡಿಗೆಗೆ ಸಿಗುತ್ತದೆ. ಉದ್ದ ಕೋಲಿನಿಂದ ತಳ್ಳಿಬಿಟ್ಟು, ಗಾಳಿ ಒಯ್ದ ಕಡೆ ಸುತ್ತ ಓಡುವುದು. ಎರಡು ಸಲ ಬಾಡಿಗೆ ಕೊಟ್ಟೆವು. ಮೂರನೇ ಸಲಕ್ಕೆ ರಂಪ.

ಆಗ ನಿಮ್ಮಲ್ಲಿ ಯಾರೋ ಮಗನಿಗೆ ರಾಗಿ ಸರಿ ಒಯ್ಯಿರಿ ಅಂದಿದ್ದರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಫ್ಲಾಸ್ಕಿನ ಬಿಸಿನೀರಲ್ಲಿ ಕಲಸಿ, ಸೇನ್ ನದಿ ದಂಡೆಯಲ್ಲಿ ಕೂತು ತಿನ್ನಿಸಿದೆ. ಅರ್ಧ ನನ್ನ ಕೋಟಿನ ಮೇಲಿತ್ತು.