ಪದ ಬೇಕು (ತುರ್ತು): ಎಂಡ್ ಗ್ಯಾಪ್, ಕ್ಲಿಯರೆನ್ಸ್, ಪ್ಲೇ – ಮೂರಕ್ಕೂ ‘ಅಂತರ’ವೇ?

ಎಲ್ಲರಿಗೂ ನಮಸ್ಕಾರ. ಐಟಿಐ ವರ್ಕ್‌ಶಾಪಿನ ಗೋಡೆಗೆ ಹಾಕುವ ಚಾರ್ಟು, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ಹಳೆಯ ಅನುವಾದದಲ್ಲಿ ಮೂರಕ್ಕೂ ‘ಅಂತರ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಪಿಸ್ಟನ್ ರಿಂಗಿನ (ಪಿಸ್ಟನ್ನಿನ ಸುತ್ತ ಕೂರುವ, ಒಂದು ಕಡೆ ಸೀಳಿರುವ ಬಳೆ) ಎಂಡ್ ಗ್ಯಾಪ್ ಅಳೆಯುವ ವಾಕ್ಯ ಇದು; ಬೋರು ಎಂದರೆ ಸಿಲಿಂಡರಿನ ಒಳಕೊಳವೆ, ಫೀಲರ್ ಗೇಜ್ ಎಂದರೆ ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳು, ಅರ ಎಂದರೆ ಉಜ್ಜುವ ಫೈಲು: ‘ರಿಂಗನ್ನು ಬೋರಿಗೆ ಇಳಿಸಿ, ತಲೆಕೆಳಗು ಹಿಡಿದ ಪಿಸ್ಟನ್ನಿನಿಂದ ಒಂದಿಂಚು ಒಳಕ್ಕೆ ತಳ್ಳಿ, ಫೀಲರ್ ಗೇಜಿನಲ್ಲಿ ____ ಅಳೆಯಿರಿ. ಕಮ್ಮಿ ಇದ್ದರೆ ಅರ ಹಾಕಿ.’ ಬಿಟ್ಟ ಜಾಗಕ್ಕೆ ಏನು?
– ಸು.

ತೆರಪು. ‘ತೆರೆ’ಯಿಂದ ಬಂದದ್ದು, ಹಳಗನ್ನಡದಲ್ಲಿ ತೆಱಪು. ರಿಂಗಿಗೆ ‘ತುದಿದೆರಪು’. ಅಂತರ ಸಂಸ್ಕ್ರುತದ್ದು, ಗ್ಯಾಪು ಇಂಗ್ಲಿಶಿನದು, ಎರಡೂ ಬೇಡ. ಯಾರಾದರೂ ‘ಸಂದು’ ಅನ್ನುವ ಮುಂಚೆಯೇ ಹೇಳಿಬಿಡುತ್ತೇನೆ: ಅದು ಸಂದಿಯ ತದ್ಬವ.
– ಬ.

ತುದಿದೆರಪು! ಗ್ರೀಸು ಮೆತ್ತಿದ ಕೈಯವನು ಇದನ್ನು ಓದಿ ಅರ ಹಿಡಿಯಬೇಕಂತೆ. ‘ಬಾಯಿ’ ಎನ್ನಿ. ಚೀಲಕ್ಕೆ, ಬಾವಿಗೆ, ಗಾಯಕ್ಕೆ ಬಾಯಿ ಇರುವಾಗ ರಿಂಗಿಗೂ ಇರಲಿ. ಎಂಡ್ ಗ್ಯಾಪ್, ಅಂದರೆ ಒಂದೇ ಭಾಗದ ಎರಡು ತುದಿಗಳ ನಡುವಿನದು ಬಾಯಿ. ಕ್ಲಿಯರೆನ್ಸ್, ಅಂದರೆ ಜರ್ನಲ್ಲಿಗೂ (ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗ) ಬೇರಿಂಗಿಗೂ ನಡುವಿನದು ಸಂದು. ಪ್ಲೇ, ಅಂದರೆ ಹಿಡಿದು ಅಲ್ಲಾಡಿಸಿದರೆ ಕೈಗೆ ಗೊತ್ತಾಗುವುದು ಆಟ. ಮೂರನ್ನೂ ಅಂತರ ಎಂದರೆ ಹುಡುಗರು ಒಂದರ ಅಳತೆ ಇನ್ನೊಂದಕ್ಕೆ ಹಾಕುತ್ತಾರೆ. 100 ಮಿ.ಮೀ. ಬೋರಿನ ರಿಂಗಿಗೆ ಬಾಯಿ ಸುಮಾರು 0.40 ಮಿ.ಮೀ. (ಬೋರಿನ ಇಂಚಿಗೆ ನಾಲ್ಕು ಥೌ ಲೆಕ್ಕ; ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), 50 ಮಿ.ಮೀ. ಜರ್ನಲ್ಲಿಗೆ ಸಂದು 0.05ರ ಆಸುಪಾಸು. ಅದಲುಬದಲಾದರೆ ಆಯಿಲ್ ಪ್ರೆಶರ್ ನಿಲ್ಲುವುದೇ ಇಲ್ಲ.

ಪದ ಹಾಗಿರಲಿ, ವಾಕ್ಯವೇ ತಪ್ಪು. ‘ಒಂದಿಂಚು’ ಹೊಸದಾಗಿ ಬೋರ್ ಮಾಡಿಸಿದ ಸಿಲಿಂಡರಿಗೆ ಮಾತ್ರ. ಸವೆದ ಬೋರು ಮೇಲೆ ಅಗಲ, ಕೆಳಗೆ ಇಕ್ಕಟ್ಟು. ರಿಂಗು ಇಳಿಯುವ ಕೊನೆಯ ಜಾಗದಲ್ಲಿ ಅಳೆಯಬೇಕು. ವ್ಯಾಸ 0.1 ಕಮ್ಮಿಯಾದರೆ ಬಾಯಿ 0.3 ಮುಚ್ಚಿಕೊಳ್ಳುತ್ತೆ. ಬಿಸಿಗೆ ಹಿಗ್ಗಿ ತುದಿಗಳು ಗುದ್ದಿಕೊಂಡರೆ ಬೋರು ಗೀರುತ್ತೆ, ರಿಂಗು ಮುರಿಯುತ್ತೆ. ಬರೀ ‘ಅರ ಹಾಕಿ’ ಅಂತಲೂ ಬಿಡಬೇಡಿ: ಒಂದೇ ತುದಿಗೆ, ಹೊರಮೈಯಿಂದ ಒಳಮೈ ಕಡೆಗೆ. ಉಲ್ಟಾ ಎಳೆದರೆ ಅಂಚಿನ ಕ್ರೋಮ್ ಲೇಪ ಎದ್ದು ಬರುತ್ತೆ. ಬಾಯಿ ಜಾಸ್ತಿ ಅಗಲವಿದ್ದರೆ ಅರಕ್ಕೆ ಕೆಲಸವಿಲ್ಲ, ಓವರ್‌ಸೈಜ್ ರಿಂಗೇ ಬೇಕು.
– ಜ.

‘ಆಟ’ ಇಂಗ್ಲಿಷಿನ ಪ್ಲೇಯ ಪದಶಃ ಅನುವಾದ. ಚಾರ್ಟಿನಲ್ಲಿ ನಗೆಪಾಟಲಾಗುತ್ತದೆ.
– ವೆಂ.

ಗಾಳಿಯಾಡುತ್ತೆ, ಉಸಿರಾಡುತ್ತೆ, ಓಡಾಟ, ಅಲ್ಲಾಟ. ‘ಆಡು’ವಿಗೆ ಚಲನೆಯ ಅರ್ಥ ಮೊದಲಿನಿಂದಲೂ ಇದೆ. ನಿಘಂಟು ತೆಗೆಯಿರಿ.
– ಜ.

ಬಾಯಿ ಒಪ್ಪಿದೆ. ಆದರೆ ಪಿಸ್ಟನ್, ರಿಂಗು, ಬೋರು ಹಾಗೇ ಉಳಿಸಿಕೊಂಡು ಇದೊಂದಕ್ಕೆ ಕನ್ನಡ ಹಚ್ಚಿದರೆ ಏನು ಬಂತು? ಪಿಸ್ಟನ್ನಿಗೆ ‘ಆಡುಕೊಂತ’ ಅನ್ನಬಹುದಲ್ಲ.
– ಬ.

ಪಿಸ್ಟನ್ ಇಂಗ್ಲಿಷಿನದೂ ಅಲ್ಲ. ಇಟಾಲಿಯನ್‌ನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋದದ್ದು. ಅವರು ಯಾರೂ ‘ಆಡುಕೊಂತ’ ಹುಡುಕಲಿಲ್ಲ.
– ಜ.

ಬಾಯಿ, ಸಂದು, ಆಟ ಹಾಕಿ ಕಳಿಸುತ್ತಿದ್ದೇನೆ. ಅಳೆಯುವ ಜಾಗವನ್ನೂ ತಿದ್ದಿದೆ. ಒಂದು ಉಳಿಯಿತು: ಸಿಲಿಂಡರ್ ಹೆಡ್ಡಿನ ತೂತಿಗಿಂತ ವಾಲ್ವ್ ಗೈಡೇ (ವಾಲ್ವಿನ ಕಡ್ಡಿ ಜಾರುವ ಕೊಳವೆ) ತುಸು ದಪ್ಪವಿದ್ದು, ಒತ್ತಿ ಕೂರಿಸುತ್ತಾರಲ್ಲ, ಆ ಫಿಟ್ಟಿಗೆ?
– ಸು.

ಬಿಗಿ.
– ಜ.

‘ಬಿಗಿ’ ಎಸಕಪದವೋ (ಕ್ರಿಯಾಪದ) ಹೆಸರುಪದವೋ, ಅದು ಮೊದಲು ಇತ್ಯರ್ತವಾಗಲಿ.
– ಬ.