ಓಸಿಆರ್ ಕಂಟೇನರ್ ಓಡಿದ್ರೆ ವೆಬ್‌ಸೈಟ್ ನಿಂತೇ ಹೋಗ್ತಿದೆ, ಸಿಪಿಯು ಹಂಚೋದು ಹೇಗೆ?

ಹಳೇಸಂಚಿಕೆ:

ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ನಾವು ನಾಲ್ಕೈದು ಜನ ಸೇರ್ಕೊಂಡು ಒಂದು ಸಣ್ಣ ಲೈಬ್ರರಿಯ ಹಳೇ ಕನ್ನಡ ಮಾಸಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸಿ ಪಠ್ಯ ಮಾಡೋದು) ಹಾಕಿ, ಒಂದು ಪದ ಟೈಪ್ ಮಾಡಿದ್ರೆ ಅದಿರೋ ಲೇಖನ ಸಿಗೋ ಹಾಗೆ ವೆಬ್‌ಸೈಟ್ ಮಾಡಿದೀವಿ. ಇರೋದು ಒಂದೇ ಸರ್ವರ್, ಸೆಕೆಂಡ್‌ಹ್ಯಾಂಡ್ ಜಿಯಾನ್, 4 ಕೋರ್ 8 ಥ್ರೆಡ್, 32 ಜಿಬಿ ರ್‍ಯಾಮ್. ಒಂದೇ ಮಷೀನನ್ನ ಹಲವು ಭಾಗ ಮಾಡೋ ಪ್ರಾಕ್ಸ್‌ಮಾಕ್ಸ್ 8 ಹಾಕಿ ಅದ್ರ ಮೇಲೆ ನಾಲ್ಕು ಎಲ್‌ಎಕ್ಸ್‌ಸಿ ಕಂಟೇನರ್ (ಬೇರೆ ಬೇರೆ ಕಂಪ್ಯೂಟರಿನ ಹಾಗೆ ನಡೆಯೋ ಭಾಗಗಳು) ಮಾಡಿದೀನಿ. 101 ವೆಬ್‌ಸೈಟ್, 102 ಮಾರಿಯಾಡಿಬಿ ಡೇಟಾಬೇಸ್, 103 ಓಸಿಆರ್, 104 ಫೈಲ್ ಶೇರ್.

ಸಮಸ್ಯೆ ಏನಂದ್ರೆ ಓಸಿಆರ್ ಸುಮ್ನಿದ್ದಾಗ ಹುಡುಕಾಟ ಒಂದು ಸೆಕೆಂಡ್ ಒಳಗೆ ಬರುತ್ತೆ, ಒಂದು ವರ್ಷದ ಸಂಚಿಕೆಗಳ ಕಟ್ಟು ಓಸಿಆರ್‌ಗೆ ಹಾಕಿದ ತಕ್ಷಣ ಅದೇ ಪೇಜಿಗೆ 12-15 ಸೆಕೆಂಡ್. ಇದನ್ನ ಜಾಸ್ತಿ ಬಳಸೋರು ರಿಟೈರ್ ಆದ ಮೇಷ್ಟ್ರುಗಳು, ಪೇಜ್ ಬರ್ಲಿಲ್ಲ ಅಂದ್ರೆ ತಾವೇ ಏನೋ ತಪ್ಪು ಒತ್ತಿದ್ವಿ ಅಂದ್ಕೊಂಡು ಬಿಟ್ಟುಬಿಡ್ತಾರೆ, ಅದೇ ನಂಗೆ ಬೇಜಾರು.

ನಾನು ಮಾಡಿರೋದು ಇಷ್ಟು: ವೆಬ್‌ಸೈಟಿಗೆ ಎರಡು ಕೋರ್, ಡೇಟಾಬೇಸಿಗೆ ಎರಡು ಕೋರ್ ಮೀಸಲಾಗಿರ್ಲಿ ಅಂತ ಎರಡಕ್ಕೂ ಸಿಪಿಯು ಲಿಮಿಟ್ 2 ಹಾಕ್ದೆ. ಕಂಟೇನರಿಗೆ ಎಷ್ಟು ಕೋರ್ ಕಾಣ್ಬೇಕು ಅಂತ ಹಾಕೋ ಕೋರ್ಸ್ ಜಾಗ ಖಾಲಿ ಬಿಟ್ಟಿದೀನಿ. ಓಸಿಆರ್‌ಗೆ ಸಿಪಿಯು ಯುನಿಟ್ಸ್ 512 ಕೊಟ್ಟು ಅರ್ಧಕ್ಕೆ ಇಳಿಸ್ದೆ, ಬೇರೆ ಮೂರಕ್ಕೂ ಯುನಿಟ್ಸ್ ಮುಟ್ಟಿಲ್ಲ. ಇದೆಲ್ಲ ಮಾಡಿದ್ಮೇಲೆ ಮುಂಚೆಗಿಂತ ನಿಧಾನ ಆಗಿದೆ. ವೆಬ್‌ಸೈಟ್ ಕಂಟೇನರ್ ಒಳಗೆ ಟಾಪ್ ಕಮಾಂಡ್ ಹಾಕಿದ್ರೆ ಲೋಡ್ ಆವರೇಜ್ (ಓಡ್ತಿರೋ, ಕಾಯ್ತಿರೋ ಕೆಲಸಗಳ ಸರಾಸರಿ) 17 ತೋರಿಸ್ತಿದೆ, ಅದನ್ನ ನೋಡಿ ಇನ್ನೂ ಭಯ ಆಯ್ತು. ಹೊಸ ಸರ್ವರ್ ತಗೊಳೋ ದುಡ್ಡಿಲ್ಲ. ಎಲ್ಲಿ ತಪ್ತಿದೀನಿ?

ಕಡಲಕೋಡಿ:

ಮೊದ್ಲು ಆ 17 ಬಗ್ಗೆ. ಅದು ನಿಮ್ಮ ವೆಬ್‌ಸೈಟಿನ ಲೋಡ್ ಅಲ್ಲ, ಇಡೀ ಹೋಸ್ಟಿಂದು, ಅಂದ್ರೆ ಕಂಟೇನರುಗಳೆಲ್ಲ ಓಡ್ತಿರೋ ಮೂಲ ಸರ್ವರಿಂದು. ಕಂಟೇನರಿಗೆ ಈ ಅಂಕಿಗಳನ್ನ ತೋರಿಸೋ ಎಲ್‌ಎಕ್ಸ್‌ಸಿಎಫ್‌ಎಸ್‌ಗೆ ಬೇರೆ ಆಪ್ಷನ್ ಕೊಡದೇ ಇದ್ರೆ ಕಂಟೇನರ್ ಒಳಗೂ ಹೋಸ್ಟಿನ ಲೋಡ್ ಆವರೇಜೇ ಕಾಣೋದು.

ಎರಡ್ನೇದು, ಇದು ಸಿಪಿಯು ಸಮಸ್ಯೆನಾ ಡಿಸ್ಕಿಂದಾ ಅಂತ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಸ್ಕ್ಯಾನ್ ಮಾಡಿದ ಟಿಫ್ ಫೈಲ್‌ಗಳು ದೊಡ್ಡವು, ಡಿಸ್ಕ್ ಒದ್ದಾಡ್ತಿದ್ರೆ ಸಿಪಿಯು ಎಷ್ಟು ಹಂಚಿದ್ರೂ ಉಪಯೋಗ ಇಲ್ಲ. ಹೋಸ್ಟಲ್ಲಿ ಪ್ರಾಕ್ ಕೆಳಗೆ ಪ್ರೆಶರ್ ಅಂತ ಫೋಲ್ಡರ್ ಇದೆ, ಅದ್ರಲ್ಲಿ ಸಿಪಿಯು ಮತ್ತೆ ಐಒ (ಡಿಸ್ಕ್ ಓದು-ಬರಹ) ಫೈಲುಗಳನ್ನ ಓಸಿಆರ್ ಓಡ್ತಿರುವಾಗ ಕ್ಯಾಟ್ ಮಾಡಿ ನೋಡಿ. ಯಾವುದ್ರಲ್ಲಿ ಸಮ್ (some) ಸಾಲಿನ ನಂಬರ್ ದೊಡ್ಡದಿದೆಯೋ ಅಲ್ಲೇ ಕಾಯ್ತಾ ಇರೋದು.

ಹಾಗೇ ಸಿಗ್ರೂಪ್ (ಯಾರಿಗೆಷ್ಟು ಸಿಪಿಯು ಅಂತ ಹಂಚೋ ಲಿನಕ್ಸ್ ವ್ಯವಸ್ಥೆ) ಫೋಲ್ಡರಲ್ಲಿ ಎಲ್‌ಎಕ್ಸ್‌ಸಿ, ಅದ್ರೊಳಗೆ 102, ಅಲ್ಲಿ ಸಿಪಿಯು.ಸ್ಟ್ಯಾಟ್ ಅಂತ ಫೈಲಿರುತ್ತೆ. ಎನ್‌ಆರ್_ಪೀರಿಯಡ್ಸ್ (ಒಟ್ಟು ಸರದಿ) ಎಷ್ಟು, ಎನ್‌ಆರ್_ಥ್ರಾಟಲ್ಡ್ (ಅದ್ರಲ್ಲಿ ಲಿಮಿಟ್ ಮುಗಿದು ನಿಲ್ಲಿಸಿದ ಸರದಿ) ಎಷ್ಟು ಹೇಳಿ.

ಹಳೇಸಂಚಿಕೆ:

ಥ್ಯಾಂಕ್ಸ್ ಸರ್. ಐಒ ಪ್ರೆಶರ್ 1ರ ಒಳಗೇ ಇದೆ, ಸಿಪಿಯುದು 60ರ ಮೇಲೆ. 102ರಲ್ಲಿ ಪೀರಿಯಡ್ಸ್ 18,400, ಥ್ರಾಟಲ್ಡ್ 7,900. ಇದು ಜಾಸ್ತಿನಾ? ಗ್ರಾಫಲ್ಲಿ ಡೇಟಾಬೇಸ್ ಕಂಟೇನರ್ ಬಳಕೆ ತೀರಾ ಕಮ್ಮಿ ಕಾಣುತ್ತೆ, ಅದಕ್ಕೇ ಅದ್ರ ಮೇಲೆ ನಂಗೆ ಅನುಮಾನನೇ ಬಂದಿರ್ಲಿಲ್ಲ.

ನಾಲೆಬದಿ:

ಜಾಸ್ತಿ ಅಂದ್ರೆ ತುಂಬಾ ಜಾಸ್ತಿ. ನೂರರಲ್ಲಿ 43 ಸರದಿ ನಿಮ್ಮ ಡೇಟಾಬೇಸನ್ನ ನೀವೇ ನಿಲ್ಲಿಸ್ತಿದೀರ.

ಸಿಪಿಯು ಲಿಮಿಟ್ ಅನ್ನೋದನ್ನ ಮೀಸಲು ಅಂತ ತಿಳ್ಕೊಂಡಿದೀರ, ಅಲ್ಲೇ ಎಡವಿರೋದು. ಲಿಮಿಟ್ ಯಾರಿಗೂ ಏನನ್ನೂ ಎತ್ತಿಡಲ್ಲ, ಇದಕ್ಕಿಂತ ಮೇಲೆ ಕೊಡಬೇಡ ಅನ್ನುತ್ತೆ ಅಷ್ಟೇ. ನಾನು ಮಂಡ್ಯ ಕಡೆಯವನು, ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೇಲಿ ಕಟ್ಟು ಪದ್ಧತೀಲಿ ನೀರು ಬಿಡ್ತಾರಲ್ಲ, ಇಷ್ಟು ದಿನ ಬಿಡೋದು, ಆಮೇಲೆ ಇಷ್ಟು ದಿನ ನಿಲ್ಸೋದು, ಲಿಮಿಟ್ ಅಂದ್ರೆ ಅದೇ. ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, 100 ಮಿಲಿಸೆಕೆಂಡಿಗೆ ಒಂದು ಸರದಿ ಇಟ್ಕೊಂಡಿರುತ್ತೆ. ಲಿಮಿಟ್ 2 ಅಂದ್ರೆ ಆ ಸರದೀಲಿ ಒಟ್ಟು 200 ಮಿಲಿಸೆಕೆಂಡ್ ಸಿಪಿಯು ಟೈಮ್. ಕೋರ್ಸ್ ಖಾಲಿ ಬಿಟ್ಟಿರೋದ್ರಿಂದ ಕಂಟೇನರಿಗೆ ಎಂಟೂ ಥ್ರೆಡ್ ಕಾಣುತ್ತೆ, ಹುಡುಕಾಟದ ಕ್ವೆರಿಗಳು ಎಂಟು ಒಟ್ಟಿಗೆ ಬಂದ್ರೆ ಎಂಟರಲ್ಲೂ ಓಡಿ 25 ಮಿಲಿಸೆಕೆಂಡಿಗೇ ಪಾಲು ಮುಗಿಸ್ಬಿಡುತ್ತೆ, ಉಳಿದ 75 ಮಿಲಿಸೆಕೆಂಡ್ ತೂಬು ಬಂದ್. ಪಕ್ಕದ ಕೋರ್ ಖಾಲಿ ಬಿದ್ದಿದ್ರೂ ಬಂದೇ. ಕಟ್ಟೆ ತುಂಬಿದ್ರೂ ಗದ್ದೆ ಒಣಗ್ತಾ ಇರುತ್ತೆ. ನಿಮ್ಮ ಗ್ರಾಫು ನಿಮಿಷದ ಸರಾಸರಿ ತೋರಿಸೋದ್ರಿಂದ ಈ ನಿಲ್ಲೋದು ಹೊರಡೋದು ಅದ್ರಲ್ಲಿ ಕಾಣಲ್ಲ.

ಯುನಿಟ್ಸ್ ಹಾಗಲ್ಲ, ಅದು ಪಾಲು. ನೀರು ಧಾರಾಳ ಇದ್ದಾಗ ಅದನ್ನ ಯಾರೂ ಕೇಳಲ್ಲ, ಬೇಕಾದಷ್ಟು ತಗೋಬಹುದು, ಕೊರತೆ ಬಿದ್ದಾಗ ಮಾತ್ರ ಯಾರಿಗೆಷ್ಟು ಅಂತ ಲೆಕ್ಕಕ್ಕೆ ಬರುತ್ತೆ. ನಿಮಗೆ ಬೇಕಿರೋದು ಇದು. ಲಿಮಿಟ್ ನಾನು ಬಾಡಿಗೆಗೆ ಕೊಡೋ ಕಂಟೇನರುಗಳಿಗೆ ಮಾತ್ರ ಹಾಕೋದು, ಒಬ್ಬ ಗಿರಾಕಿ ದುಡ್ಡು ಕೊಟ್ಟಿದ್ದಕ್ಕಿಂತ ಜಾಸ್ತಿ ತಗೋಬಾರ್ದು ಅಂತ. ನಿಮ್ಮದೇ ಮನೆ ಕೆಲಸಗಳ ಮಧ್ಯೆ ಲಿಮಿಟ್ ಯಾಕೆ ಬೇಕು? 101, 102 ಎರಡರದ್ದೂ ತೆಗೆದು ಹಾಕಿ.

ರೂಟ್_ರಾಯ:

ಮೇಲಿನದ್ದು ಸರಿ, ಆದ್ರೆ ಲಿಮಿಟ್ ತೆಗೆದ ಮಾತ್ರಕ್ಕೆ ಇದು ಸರಿಹೋಗಲ್ಲ, ಆ 512 ಯಾರೂ ಗಮನಿಸ್ಲಿಲ್ಲ. ಅದೇ ದೊಡ್ಡ ತಪ್ಪು.

ಹಳೇಸಂಚಿಕೆ ಅವ್ರೇ, ನೀವು ಹಳೇ ಟ್ಯುಟೋರಿಯಲ್ ನೋಡಿದೀರ ಅಲ್ವಾ, ಡೀಫಾಲ್ಟ್ 1024, ಅದ್ರ ಅರ್ಧ 512 ಅಂತ? ಆ 1024 ಸಿಗ್ರೂಪ್ ಮೊದಲ್ನೇ ವರ್ಷನ್ ಕಾಲದ್ದು. ಎರಡ್ನೇ ವರ್ಷನ್ ಲಿನಕ್ಸ್ 4.5ರಲ್ಲಿ 2016ಕ್ಕೇ ಅಧಿಕೃತ ಆಯ್ತು, ಅದ್ರಲ್ಲಿ ತೂಕ (ಅದೇ ಯುನಿಟ್ಸ್) 1ರಿಂದ 10000ದವರೆಗೆ, ಡೀಫಾಲ್ಟ್ 100. ಪ್ರಾಕ್ಸ್‌ಮಾಕ್ಸ್ 7ರಿಂದ, ಅಂದ್ರೆ 2021ರಿಂದ, ಡೀಫಾಲ್ಟಾಗಿ ಅದನ್ನೇ ಬಳಸ್ತಿದೆ. ನಿಮ್ಮದು 8. ಅಂದ್ರೆ ವೆಬ್‌ಸೈಟ್ 100, ಡೇಟಾಬೇಸ್ 100, ಓಸಿಆರ್ 512. ಅರ್ಧ ಮಾಡೋಕೆ ಹೋಗಿ ಐದು ಪಟ್ಟು ಕೊಟ್ಟಿದೀರ, ಮೂರೂ ಒಟ್ಟಿಗೆ ಎಳೆದಾಡಿದಾಗ ಒಟ್ಟು 712ರಲ್ಲಿ 512, ನೂರಕ್ಕೆ 72 ಪಾಲು ಓಸಿಆರ್‌ಗೇ. ಇದ್ರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಇವತ್ತಿಗೂ ಹುಡುಕಿದ್ರೆ ಆ ಹಳೇ ಪುಟಗಳೇ ಮೇಲೆ ಬರ್ತವೆ, ನಾನೂ ಒಂದು ಸಲ ಇದ್ರಿಂದ ಎರಡು ರಾತ್ರಿ ಕಳ್ಕೊಂಡಿದೀನಿ.

101ಕ್ಕೆ 300, 102ಕ್ಕೆ 300, 103ಕ್ಕೆ 25 ಹಾಕಿ. ರಿಸೋರ್ಸಸ್ ಟ್ಯಾಬಲ್ಲಿ ಕೋರ್ಸ್ ಎಡಿಟ್ ಮಾಡುವಾಗ ಅಡ್ವಾನ್ಸ್‌ಡ್ ಟಿಕ್ ಮಾಡಿದ್ರೆ ಕಾಣುತ್ತೆ. ಮೂರೂ ಪೂರ್ತಿ ಬೇಡಿದಾಗ ಓಸಿಆರ್‌ಗೆ ನೂರಕ್ಕೆ 4, ಬೇರೆಯವು ಸುಮ್ನಿದ್ದಾಗ ಇಡೀ ಮಷೀನ್ ಅದಕ್ಕೇ. ಭಯ ಬೇಡ, ಓಸಿಆರ್ ನಿಲ್ಲಲ್ಲ, ನಿಮ್ಮ ವೆಬ್‌ಸೈಟ್ ದಿನದ ಬಹುಪಾಲು ಖಾಲಿಯೇ ಇರೋದು.

ಕಡಲಕೋಡಿ:

ಹೌದಲ್ಲ, 512 ನನ್ನ ಕಣ್ಣಿಗೆ ಬೀಳ್ಲೇ ಇಲ್ಲ. ಒಳ್ಳೇ ಗಮನ.

ಇನ್ನೊಂದು ಸೇರಿಸ್ತೀನಿ. ಟೆಸೆರಾಕ್ಟ್ 4ರಿಂದ ಈಚೆಗೆ ಒಂದೊಂದು ಪ್ರೋಸೆಸ್ಸೂ ಓಪನ್‌ಎಂಪಿ (ಒಂದು ಕೆಲಸವನ್ನ ಹಲವು ಥ್ರೆಡ್ಡಿಗೆ ಹಂಚೋ ಸಾಧನ) ಬಳಸಿ ನಾಲ್ಕು ಥ್ರೆಡ್ ತನಕ ತಗೊಳುತ್ತೆ. ನೀವು ಒಟ್ಟಿಗೆ ಎಷ್ಟು ಪೇಜ್ ಓಡಿಸ್ತೀರ? ನಾಲ್ಕು ಅಂದ್ರೆ ಹದಿನಾರು ಥ್ರೆಡ್ಡು ಎಂಟರ ಮೇಲೆ ಕಿತ್ತಾಡ್ತಾ ಇರ್ತವೆ, ಆ 17 ಅಲ್ಲಿಂದಲೇ ಬಂದಿರೋದು. ಎನ್ವಿರಾನ್ಮೆಂಟಲ್ಲಿ ಒಎಂಪಿ_ಥ್ರೆಡ್_ಲಿಮಿಟ್ 1 ಅಂತ ಕೊಟ್ಟು ಪೇಜುಗಳನ್ನ ಆರಾರು ಒಟ್ಟಿಗೆ ಓಡ್ಸಿ. ಒಂದೇ ಪೇಜಿಗೆ ನಾಲ್ಕು ಥ್ರೆಡ್ ಹಚ್ಚೋದಕ್ಕಿಂತ ಒಂದೊಂದು ಪೇಜಿಗೆ ಒಂದೊಂದೇ ಥ್ರೆಡ್ ಕೊಟ್ರೆ ಒಟ್ಟು ಕೆಲಸ ಬೇಗ ಮುಗಿಯುತ್ತೆ.

ಆಮೇಲೆ 4 ಕೋರ್ 8 ಥ್ರೆಡ್ ಅಂದ್ರೆ ನಿಜವಾದ ಕೋರ್ ನಾಲ್ಕೇ, ಜೋಡಿ ಥ್ರೆಡ್ಡುಗಳು ಒಂದೇ ಒಲೆ ಮೇಲೆ ಅಡುಗೆ ಮಾಡೋದು. ಯುನಿಟ್ಸ್ ಎಷ್ಟೇ ಸರಿಯಿದ್ರೂ ಡೇಟಾಬೇಸಿನ ಜೋಡಿ ಥ್ರೆಡ್ಡಲ್ಲಿ ಓಸಿಆರ್ ಇದ್ರೆ ಅಷ್ಟು ನಿಧಾನ ಆಗೇ ಆಗುತ್ತೆ. ಎಲ್‌ಎಸ್‌ಸಿಪಿಯು ಕಮಾಂಡಲ್ಲಿ ಯಾವುದು ಯಾವುದ್ರ ಜೋಡಿ ನೋಡ್ಕೊಂಡು, 103ರ ಕಾನ್ಫ್ ಫೈಲಲ್ಲಿ ಸಿಪಿಯುಸೆಟ್ ಸಾಲು ಹಾಕಿ ಓಸಿಆರ್‌ನ ಮೂರು ಕೋರಿಗೆ ಮಾತ್ರ ಕಟ್ಟಿ, ಒಂದು ಕೋರ್ ಎರಡೂ ಥ್ರೆಡ್ ಸಮೇತ ಯಾವಾಗ್ಲೂ ಉಳಿದೋರಿಗೆ ಬಿಡಬಹುದು.

ನಾಲೆಬದಿ:

ಹಾಗೆ ಕೋರಿಗೆ ಕಟ್ಟೋದನ್ನ ನಾನಾದ್ರೆ ಕೊನೇಗೆ ಮಾಡ್ತೀನಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೇಷ್ಟ್ರುಗಳು ಯಾರೂ ಹುಡುಕಲ್ಲ, ಆಗ್ಲೂ ಒಂದು ಕೋರ್ ಸುಮ್ನೆ ಬಿದ್ದಿರುತ್ತೆ, ಕಾಲು ಭಾಗ ಸರ್ವರ್ ವ್ಯರ್ಥ. ಮೊದ್ಲು ಯುನಿಟ್ಸ್, ಆಮೇಲೆ ಥ್ರೆಡ್ ಲಿಮಿಟ್, ಅದ್ರಲ್ಲೇ ಆಗ್ಲಿಲ್ಲ ಅಂದ್ರೆ ಕಟ್ಟಿ. ಮತ್ತೆ ಒಂದೊಂದೇ ಬದಲಾಯಿಸಿ, ಒಟ್ಟಿಗೆ ಎಲ್ಲ ಮಾಡಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಹಳೇಸಂಚಿಕೆ:

ನಾಲ್ಕು ದಿನ ಬಿಟ್ಟು ಬರೀತಿದೀನಿ, ನೀವು ಹೇಳಿದ ಹಾಗೆ ದಿನಕ್ಕೊಂದು ಬದಲಾವಣೆ ಮಾಡ್ದೆ.

ಮೊದಲ್ನೇ ದಿನ ಲಿಮಿಟ್ ಮಾತ್ರ ತೆಗೆದೆ, ಹುಡುಕಾಟ 15ರಿಂದ 6 ಸೆಕೆಂಡಿಗೆ ಬಂತು. ಎರಡ್ನೇ ದಿನ ಯುನಿಟ್ಸ್ 300, 300, 25. ಓಸಿಆರ್ ಪೂರ್ತಿ ಓಡ್ತಿರುವಾಗ್ಲೇ ಒಂದೂವರೆ ಸೆಕೆಂಡ್! ನಂಬ್ಲೇ ಆಗ್ಲಿಲ್ಲ, ಓಸಿಆರ್ ನಿಂತುಹೋಗಿದೆಯೇನೋ ಅಂತ ಹೋಗಿ ನೋಡ್ದೆ, ಓಡ್ತಾ ಇತ್ತು. ಮೂರನೇ ದಿನ ಥ್ರೆಡ್ ಲಿಮಿಟ್ 1 ಮಾಡಿ ಆರು ಪೇಜ್ ಒಟ್ಟಿಗೆ. 300 ಪುಟದ ಒಂದು ಕಟ್ಟಿಗೆ ಮುಂಚೆ 50 ನಿಮಿಷ ಹಿಡೀತಿತ್ತು, ಈಗ 35. ವೆಬ್‌ಸೈಟ್ ಉಳಿಸೋಕೆ ಓಸಿಆರ್ ಬಿಟ್ಟುಕೊಡ್ಬೇಕಾಗುತ್ತೆ ಅಂದ್ಕೊಂಡಿದ್ದೆ, ಅದೂ ಬೇಗ ಆಯ್ತು. ಕೋರಿಗೆ ಕಟ್ಟೋ ಅಗತ್ಯ ಬೀಳ್ಲಿಲ್ಲ, ಆ ಸಾಲನ್ನ ಬರೆದಿಟ್ಕೊಂಡಿದೀನಿ.

ನಿನ್ನೆ ಒಬ್ರು ಮೇಷ್ಟ್ರು ಲೈಬ್ರರಿಗೇ ಬಂದು ತಾವು ಹುಡುಗರಾಗಿದ್ದಾಗ ಬರೆದ ಪದ್ಯ ಸಿಕ್ತು ಅಂತ ಪ್ರಿಂಟ್ ತಗೊಂಡು ಹೋದ್ರು, ಆ ಹೊತ್ತಲ್ಲಿ ಹಿಂದೆ ಓಸಿಆರ್ ಓಡ್ತಾನೇ ಇತ್ತು. ಮೂರೂ ಜನಕ್ಕೆ ತುಂಬಾ ತುಂಬಾ ಥ್ಯಾಂಕ್ಸ್.

ರೂಟ್_ರಾಯ:

ಓದಿ ಖುಷಿಯಾಯ್ತು. 104ಕ್ಕೆ ಇನ್ನೂ 100 ಇದೆ ನೋಡಿ, ಬ್ಯಾಕಪ್ ಅಲ್ಲಿಂದ ಓಡೋದಾದ್ರೆ ಅದನ್ನೂ 50ಕ್ಕೆ ಇಳಿಸಿ, ಕಂಪ್ರೆಸ್ ಮಾಡುವಾಗ ಅದೂ ಸಿಪಿಯು ಚೆನ್ನಾಗೇ ಎಳೆಯುತ್ತೆ.